ಕೊಡಗಿಗೊಂದು ಜೇನು ಹಬ್ಬ ಬೇಕೇ? ಬೇಕಾದರೆ ಯಾವ ತಿಂಗಳಲ್ಲಿ, ಯಾರ ಜೇನಿನಿಂದ?

ತೋಟದಮನೆ, ನಾಪೋಕ್ಲು
ಹವಾಯಿಯ ದೊಡ್ಡ ದ್ವೀಪದಲ್ಲಿ, ಕೋನಾ ಎಂಬ ಕಾಫಿ ಸೀಮೆಯಲ್ಲಿ ನೆಲೆಸಿರುವ ನನ್ನ ಅಕ್ಕನ ಮಗಳು ಅಲ್ಲಿಯ ಊರಿನವರು ನಡೆಸಿದ ಜೇನು ಹಬ್ಬವೊಂದರ ಚಿತ್ರಗಳನ್ನು ಕಳಿಸಿದ್ದಾಳೆ. ಶಾಲೆಯ ಅಂಗಳದಷ್ಟೇ ಜಾಗ, ಹದಿನೈದಿಪ್ಪತ್ತು ಮೇಜುಗಳು, ಒಂದೊಂದು ಮೇಜಿನ ಮೇಲೂ ಒಂದೊಂದು ಮರದ ಹೂವಿನ ಜೇನು, ಗಾಜಿನ ಗೋಡೆಯ ಪೆಟ್ಟಿಗೆಗೆ ಮೂಗು ಒತ್ತಿ ರಾಣಿಯನ್ನು ಹುಡುಕುತ್ತಿರುವ ಮಕ್ಕಳು. ಕೆಳಗೆ ಅವಳು ಬರೆದದ್ದು ಇಷ್ಟೇ: "ಇಲ್ಲಿ ಕಾಫಿಯೂ ಇದೆ, ಮಳೆಯೂ ಇದೆ, ಜೇನೂ ಇದೆ. ನಮ್ಮಲ್ಲಿ ಇರುವುದೂ ಇವೇ ಮೂರಲ್ಲವೇ ಚಿಕ್ಕಮ್ಮ?"

ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಕೊಡಗು ಎಂದರೆ ಕಿತ್ತಳೆ, ಕಾಫಿ, ಜೇನು ಎಂದು ನಾವು ಹೇಳಿಕೊಳ್ಳುತ್ತಲೇ ಬಂದಿದ್ದೇವೆ. ಕಾಫಿಗೆ ಸಂತೆಯಿದೆ, ಹಾಕಿಗೆ ಹಬ್ಬವಿದೆ, ಹೂವಿಗೆ ರಾಜಾಸೀಟಿನಲ್ಲಿ ಪ್ರದರ್ಶನವಿದೆ. ಜೇನಿಗೆ ಮಾತ್ರ ಅದರ ಮೂಲೆಯಲ್ಲಿ ಒಂದು ಮಳಿಗೆ ಸಿಕ್ಕರೆ ಅದೇ ದೊಡ್ಡದು. ಡಿಸೆಂಬರಿನ ಕೊನೆಯ ವಾರ ಮಡಿಕೇರಿಯಲ್ಲಿ ಪ್ರವಾಸಿಗರು ತುಂಬಿರುವಾಗ ಮೂರು ದಿನಗಳ ಜೇನು ಹಬ್ಬವೊಂದನ್ನು ನಾವೇ ಏಕೆ ನಡೆಸಬಾರದು? ಅನುಭವವುಳ್ಳವರು ದಯವಿಟ್ಟು ಹೇಳಿ.

ಹಳೆ ಪೆಟ್ಟಿಗೆ, ಭಾಗಮಂಡಲ
ಆಸೆ ಒಳ್ಳೆಯದು, ತಿಂಗಳು ತಪ್ಪು. ಡಿಸೆಂಬರಿನಲ್ಲಿ ನನ್ನ ಯಾವ ಪೆಟ್ಟಿಗೆಯ ಮುಚ್ಚಳ ತೆಗೆದರೂ ಮೇಲಿನ ಜೇನು ಕೋಣೆ ಖಾಲಿಯಾಗಿರುತ್ತದೆ, ಹಲವು ಪೆಟ್ಟಿಗೆಗಳಿಗೆ ಆಗ ಆ ಕೋಣೆಯನ್ನು ಇಟ್ಟಿರುವುದೇ ಇಲ್ಲ. ಮಳೆಗಾಲದಲ್ಲಿ ಸಕ್ಕರೆ ಪಾಕ ಕುಡಿಸಿ ಉಳಿಸಿಕೊಂಡ ಕುಟುಂಬ ಆಗಷ್ಟೇ ಚೇತರಿಸಿಕೊಂಡು ಮರಿ ಬೆಳೆಸುತ್ತಿರುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಹೂ ಮಳೆ ಬಿದ್ದು, ಎಂಟು ಹತ್ತು ದಿನಗಳಿಗೆ ಕಾಫಿ ಅರಳಿದರೂ ಆ ಮಕರಂದದ ಬಹುಪಾಲು ಮರಿಗಳ ಹೊಟ್ಟೆಗೇ ಹೋಗುತ್ತದೆ. ನಾವು ತೆಗೆಯುವ ಜೇನು ಏಪ್ರಿಲ್ ಮತ್ತು ಮೇ ತಿಂಗಳಿನದು, ಮಳೆ ತಡವಾದರೆ ಜೂನ್ ಮೊದಲ ವಾರದ್ದು. ಡಿಸೆಂಬರಿನ ಹಬ್ಬಕ್ಕೆ ಮೇಜು ತುಂಬಿಸಬೇಕೆಂದರೆ ಲಾರಿ ಹೊರಗಿನಿಂದಲೇ ಬರಬೇಕು.

ಕಾಳುಮೆಣಸು
ಡಿಸೆಂಬರಿನಲ್ಲಿ ನಮಗೆ ಕಾಫಿ ಕೊಯ್ಲು. ಹಬ್ಬಕ್ಕೆ ಪ್ರವಾಸಿಗರು ಬರುತ್ತಾರೆ, ಊರಿನವರು ಬರುವುದಿಲ್ಲ.

ಪೇಟೆಮಗಳು, ಬೆಂಗಳೂರು
ಜೇನು ಕೆಡುವ ಪದಾರ್ಥವಲ್ಲವಲ್ಲ? ಮೇ ತಿಂಗಳಿನಲ್ಲಿ ತೆಗೆದದ್ದನ್ನು ಡಿಸೆಂಬರಿನವರೆಗೆ ಇಟ್ಟುಕೊಂಡರೆ ಏನು ತೊಂದರೆ ಎಂಬುದು ನನಗೆ ಅರ್ಥವಾಗಲಿಲ್ಲ. ಇನ್ನೊಂದು ವಿಷಯವನ್ನೂ ಕೇಳಿಬಿಡುತ್ತೇನೆ. ಕಳೆದ ವರ್ಷ ಮಡಿಕೇರಿಯಿಂದ ಬರುವ ದಾರಿಯ ಅಂಗಡಿಯೊಂದರಲ್ಲಿ "ಶುದ್ಧ ಕೊಡಗು ಜೇನು" ಎಂದು ಬರೆದಿದ್ದ ಬಾಟಲಿ ಕೊಂಡೆ. ಎರಡು ತಿಂಗಳಲ್ಲಿ ಅರ್ಧಕ್ಕರ್ಧ ರವೆಯಂತೆ ಗಟ್ಟಿಯಾಯಿತು. ಅಂದರೆ ಸಕ್ಕರೆ ಹಾಕಿದ್ದಾರೆ ಎಂದೇ ಅರ್ಥವಲ್ಲವೇ?

ಹಳೆ ಪೆಟ್ಟಿಗೆ, ಭಾಗಮಂಡಲ
ಅಲ್ಲ. ಈ ಒಂದು ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನ್ನ ತಲೆಯ ಕೂದಲು ನೆರೆತಿದೆ. ಜೇನಿನಲ್ಲಿರುವುದು ಮುಖ್ಯವಾಗಿ ಗ್ಲೂಕೋಸ್ ಮತ್ತು ಫ್ರಕ್ಟೋಸ್. ಗ್ಲೂಕೋಸಿನ ಪಾಲು ಹೆಚ್ಚಿರುವ ಹೂವಿನ ಜೇನು ಬೇಗ ಹರಳುಗಟ್ಟುತ್ತದೆ, ಕಡಿಮೆಯಿರುವುದು ವರ್ಷಗಟ್ಟಲೆ ನೀರಾಗಿಯೇ ಇರುತ್ತದೆ. ಹರಳುಗಟ್ಟಿದ್ದು ಕಲಬೆರಕೆ ಎಂದೂ ಹೇಳಲಾಗದು, ಶುದ್ಧ ಎಂದೂ ಹೇಳಲಾಗದು. ಬಾಟಲಿಯನ್ನು ಕೈ ತಾಳುವಷ್ಟು ಬಿಸಿಯ ನೀರಿನಲ್ಲಿ ಇಟ್ಟರೆ ಕರಗುತ್ತದೆ. ಲೋಟದ ನೀರಿಗೆ ಹನಿ ಬಿಡುವುದು, ಬತ್ತಿಗೆ ಸವರಿ ಬೆಂಕಿ ಹಚ್ಚುವುದು, ಇರುವೆ ಮುತ್ತುತ್ತದೆಯೇ ಎಂದು ಕಾಯುವುದು, ಇವು ಯಾವುವೂ ಪರೀಕ್ಷೆಗಳಲ್ಲ. ದಪ್ಪ ಸಕ್ಕರೆ ಪಾಕವೂ ಅವುಗಳಲ್ಲಿ ಪಾಸಾಗಿಬಿಡಬಹುದು.

ಇಟ್ಟುಕೊಳ್ಳುವ ಬಗ್ಗೆ: ಜೇನು ಕೆಡುವುದಿಲ್ಲ ಎಂಬುದು ನೀರಿನಂಶ ಕಡಿಮೆಯಿದ್ದರೆ ಮಾತ್ರ ನಿಜ. ನಿಯಮದ ಪ್ರಕಾರ ಅದು ನೂರಕ್ಕೆ 20ನ್ನು ಮೀರಬಾರದು. ನಾವು ಪೆಟ್ಟಿಗೆಯಲ್ಲಿ ಸಾಕುವ ನಾಡಿನ ನೊಣವಾದ ತುಡುವೆಯ ಜೇನು ಈ ತೇವದ ಹವೆಯಲ್ಲಿ 22, 23 ತೋರಿಸುವುದು ಸಾಮಾನ್ಯ, ಆತುರಪಟ್ಟು ನೊಣಗಳು ಇನ್ನೂ ಮೇಣದ ಮುಚ್ಚಳ ಕಟ್ಟದ ಎರಿಯನ್ನು, ಅಂದರೆ ಗೂಡಿನ ಹಲ್ಲೆಯನ್ನು, ಜೇನು ತೆಗೆಯುವ ಯಂತ್ರಕ್ಕೆ ಹಾಕಿದವರದು ಇನ್ನೂ ಹೆಚ್ಚು. ಅಂಥದ್ದು ಮಳೆಗಾಲ ಮುಗಿಯುವುದರೊಳಗೆ ನೊರೆಗಟ್ಟಿ ಹುಳಿಯಾಗುತ್ತದೆ. ಎರಿಯ ಮುಕ್ಕಾಲು ಭಾಗ ಮುಚ್ಚುವವರೆಗೆ ಕಾಯುವ ತಾಳ್ಮೆ ಇದ್ದವರ ಜೇನನ್ನು ಮಾತ್ರ ಡಿಸೆಂಬರಿಗೆ ಇಡಬಹುದು.

ರಬ್ಬರ್ ತೋಟ, ಸಂಪಾಜೆ
ಪೇಟೆಮಗಳು ಅವರ ಬಾಟಲಿಯಲ್ಲಿ ಇದ್ದದ್ದು ರಬ್ಬರ್ ಜೇನಾಗಿರಬಹುದು. ರಬ್ಬರ್ ಜೇನು ಹೂವಿನದಲ್ಲ. ಜನವರಿಯಿಂದ ಮಾರ್ಚಿನವರೆಗೆ ಹೊಸ ಚಿಗುರು ಬರುವಾಗ ಎಲೆಯ ತೊಟ್ಟಿನ ಬಳಿ ಒಸರುವ ಸಿಹಿಯನ್ನು ನೊಣಗಳು ತರುತ್ತವೆ. ಅದು ಬೇಗ ಹರಳುಗಟ್ಟುತ್ತದೆ. ಜೇನು ನಿಜವಾದದ್ದೇ, ಆದರೆ ಘಟ್ಟದ ಕೆಳಗಿನದು. ಅದಕ್ಕೆ ಮಡಿಕೇರಿಯ ಮಂಜಿನ ಚಿತ್ರ ಅಂಟಿಸಿ ಮಾರುವುದು ಸರಿಯೇ ಎಂಬುದು ಬೇರೆ ಪ್ರಶ್ನೆ.

ಮಳೆಮಾಪಕ, ಶಾಂತಳ್ಳಿ
ಬೇರೆ ಪ್ರಶ್ನೆಯಲ್ಲ, ಅದೇ ಪ್ರಶ್ನೆ. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರ್ಯಾಂಡುಗಳ ಜೇನನ್ನು ಪರೀಕ್ಷೆಗೆ ಕಳಿಸಿದಾಗ ಸಕ್ಕರೆ ಪಾಕದ ಕಲಬೆರಕೆಯನ್ನು ಪತ್ತೆ ಮಾಡುವ ಎನ್‌ಎಂಆರ್ ಎಂಬ ಪ್ರಯೋಗಾಲಯದ ಪರೀಕ್ಷೆಯಲ್ಲಿ ಗೆದ್ದವು ಮೂರೇ ಮೂರು. ಪೇಟೆಯ ಜೇನಿನ ಸ್ಥಿತಿ ಹೀಗಿರುವಾಗ, ನಮ್ಮ ಹಬ್ಬದ ಮೇಜಿನ ಮೇಲೆ ಯಾವ ಬಾಟಲಿ ಬಂದು ಕೂರುತ್ತದೆ ಎಂಬುದನ್ನು ಮೊದಲು ತೀರ್ಮಾನಿಸದೆ ಪೆಂಡಾಲು ಹಾಕುವುದು ಬೇಡ. ಕಳೆದ ಬಾರಿ ನಾನು ನೋಡಿದ ಮೇಳವೊಂದರಲ್ಲಿ ಎಂಟು ಮಳಿಗೆಗಳಿದ್ದವು. ಆರರಲ್ಲಿ ಒಂದೇ ಬಣ್ಣದ, ಒಂದೇ ಮಂದದ ಜೇನು, ಚೀಟಿ ಮಾತ್ರ ಬೇರೆ ಬೇರೆ. "ಇದು ಯಾವ ಹೂವಿನದು?" ಎಂದು ಕೇಳಿದ್ದಕ್ಕೆ ಮಾರುವ ಹುಡುಗ ನಗುತ್ತ "ಎಲ್ಲಾ ಹೂವಿನದು ಸರ್" ಎಂದ.

ಕೋನಾದ ಸೊಸೆ
ಚಿತ್ರ ಕಳಿಸಿದವಳು ನಾನೇ. ಚಿಕ್ಕಮ್ಮ ಅದನ್ನು ಇಲ್ಲಿ ಚರ್ಚೆಗಿಡುತ್ತಾರೆ ಎಂದು ಗೊತ್ತಿರಲಿಲ್ಲ. ಎರಡು ವಿಷಯ ಹೇಳುತ್ತೇನೆ.

ಮೊದಲನೆಯದು ಹರಳಿನ ಬಗ್ಗೆ. ಇಲ್ಲಿ ಹೆಸರಾದ ಜೇನು ಕಿಯಾವೆ ಮರದ್ದು, ಬಿಳಿಯದು, ಬೆಣ್ಣೆಯಂತೆ ನುಣ್ಣಗೆ ಹರಳುಗಟ್ಟಿದ್ದು. ಅದನ್ನು ಹಾಗೆಯೇ ಚಮಚದಲ್ಲಿ ತೆಗೆದು ಕೊಡುತ್ತಾರೆ, ಯಾರೂ ಸಕ್ಕರೆ ಎಂದು ಜಗಳವಾಡುವುದಿಲ್ಲ. ಕಿಯಾವೆ ಎಂದರೆ ಏನೋ ಅಪರೂಪದ ಮರವೆಂದು ತಿಳಿದಿದ್ದೆ, ಹತ್ತಿರ ಹೋಗಿ ನೋಡಿದರೆ ನಮ್ಮ ಬಳ್ಳಾರಿ ಜಾಲಿಯ ಖಾಸಾ ದಾಯಾದಿ, ಮುಳ್ಳು ಸಮೇತ. ಇನ್ನೊಂದು ಲೆಹುವಾ ಜೇನು, ಲಾವಾ ಆರಿದ ಬಂಡೆಯ ಮೇಲೆ ಮೊದಲು ಬೇರು ಬಿಡುವ ಓಹಿಯಾ ಮರದ ಕೆಂಪು ಹೂವಿನದು. ಅದು ನಮ್ಮ ನೇರಳೆಯ ಕುಲದ್ದು.

ಎರಡನೆಯದು, ಇಲ್ಲಿಯ ಹಬ್ಬ ಬರೀ ಸಿಹಿಯಲ್ಲ. ಈ ದ್ವೀಪಗಳಲ್ಲಿ ಜೇನುನೊಣವೇ ಇರಲಿಲ್ಲ, 1857ರಲ್ಲಿ ಹಡಗಿನಲ್ಲಿ ತಂದರು. ಜೇನುನೊಣದ ಮೈಗೆ ಅಂಟುವ, ಉಣ್ಣೆಹುಳುವಿನಂಥ ವರೋವಾ ಎಂಬ ಕೀಟ 2007ರಲ್ಲಿ ಓವಾಹು ದ್ವೀಪದಲ್ಲಿ ಕಂಡಿತು, ಮರುವರ್ಷ ನಮ್ಮ ದ್ವೀಪಕ್ಕೂ ಬಂತು. ವರ್ಷವಿಡೀ ರಾಣಿನೊಣ ಸಾಕಿ ಅಮೆರಿಕದ ಮುಖ್ಯಭೂಮಿಗೆ ಕಳಿಸುವ ಕೋನಾದವರಿಗೆ ಅದು ದೊಡ್ಡ ಪೆಟ್ಟು. ನಾನು ಹೋದ ದಿನ ಹೆಚ್ಚು ಜನ ಮುತ್ತಿದ್ದು ಜೇನಿನ ಮೇಜನ್ನಲ್ಲ. ಒಬ್ಬ ವೃದ್ಧೆ ಸೀಸೆಯಲ್ಲಿ ನೂರಿನ್ನೂರು ನೊಣಗಳನ್ನು ಹಾಕಿ, ಅದಕ್ಕೆ ಪುಡಿ ಸಕ್ಕರೆ ಉದುರಿಸಿ, ಕುಲುಕಿ, ಜಾಲರಿಯ ಮೂಲಕ ಬಿಳಿ ತಟ್ಟೆಯ ಮೇಲೆ ಬೀಳುವ ಕಂದು ಚುಕ್ಕೆಗಳನ್ನು ಎಣಿಸಿ ತೋರಿಸುತ್ತಿದ್ದಳು, ಆ ಮೇಜನ್ನು ಮುತ್ತಿದ್ದರು.

ತೋಟದಮನೆ, ನಾಪೋಕ್ಲು
ಇದನ್ನೆಲ್ಲ ನನಗೆ ಮೊದಲೇ ಹೇಳಬಾರದಿತ್ತೇ?

ಹಸಿರು ಚಪ್ಪರ, ಗೋಣಿಕೊಪ್ಪ
ಕೋನಾದವರ ಮಾತು ಕೇಳಿದ ಮೇಲೆ ನನ್ನ ಸಲಹೆ: ನಾವೂ ಯುರೋಪಿನ ಜೇನುನೊಣವಾದ ಮೆಲ್ಲಿಫೆರಾ ತರೋಣ. ತುಡುವೆ ವರ್ಷಕ್ಕೆ ಪೆಟ್ಟಿಗೆಗೆ ಐದರಿಂದ ಹತ್ತು ಕಿಲೋ ಕೊಟ್ಟರೆ ಮೆಲ್ಲಿಫೆರಾ ಅದರ ಮೂರು ನಾಲ್ಕು ಪಟ್ಟು ಕೊಡುತ್ತದೆ. ಹಬ್ಬ ನಡೆಸಲು ಮೊದಲು ಜೇನು ಬೇಕಲ್ಲ?

ಹಳೆ ಪೆಟ್ಟಿಗೆ, ಭಾಗಮಂಡಲ
ಸ್ವಾಮಿ, ಈ ಸಲಹೆಯನ್ನು ಓದಿ ನನಗೆ ಎದೆ ಧಸಕ್ಕೆಂದಿತು. ಪಂಜಾಬಿನ ಸಾಸಿವೆ ಹೊಲದಲ್ಲಿ ಹತ್ತಾರು ಕಿಲೋ ಕೊಡುವ ನೊಣ ಇಲ್ಲಿಯ ಜೂನ್, ಜುಲೈ, ಆಗಸ್ಟಿನಲ್ಲಿ ಏನು ತಿನ್ನುತ್ತದೆ? ಲಾರಿಯಲ್ಲಿ ಹೂವಿನ ಬೆನ್ನು ಹತ್ತಿ ಊರೂರು ತಿರುಗಿಸಬೇಕು, ಇಲ್ಲವೇ ಚೀಲಗಟ್ಟಲೆ ಸಕ್ಕರೆ ಸುರಿಯಬೇಕು. ಹಸಿದರೆ ಪಕ್ಕದ ತುಡುವೆ ಪೆಟ್ಟಿಗೆಗೆ ನುಗ್ಗಿ ದೋಚುತ್ತದೆ.

ಭಯಕ್ಕೆ ಇನ್ನೊಂದು ಕಾರಣವಿದೆ. 1930ರ ದಶಕದಲ್ಲೇ ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣದ ಸಹಕಾರ ಸಂಘ ಕಟ್ಟಿದ ಜಿಲ್ಲೆ ನಮ್ಮದು. ನನ್ನ ಬಾಲ್ಯದಲ್ಲಿ ಮನೆಗೆ ಹತ್ತು ಪೆಟ್ಟಿಗೆ ಇರುವುದು ದೊಡ್ಡ ಮಾತಾಗಿರಲಿಲ್ಲ. 1991, 92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂತು. ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಾಶವಾದವು. ನಮ್ಮ ತಂದೆಯ ನಲವತ್ತು ಪೆಟ್ಟಿಗೆಗಳಲ್ಲಿ ಉಳಿದದ್ದು ಎರಡು. ಅವರು ಎರಿಯನ್ನು ಬಿಸಿಲಿಗೆ ಹಿಡಿದು ತೋರಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮರಿಗಳು ಗೂಡಿನೊಳಗೆ ತಲೆ ಮೇಲಕ್ಕೆತ್ತಿ, ನೀರು ತುಂಬಿದ ಸಣ್ಣ ಚೀಲದಂತಾಗಿ ಸತ್ತಿದ್ದವು. ಕಡ್ಡಿಯಿಂದ ಎತ್ತಿದರೆ ಚೀಲ ಹಾಗೆಯೇ ತೂಗಾಡುತ್ತ ಹೊರಬರುತ್ತಿತ್ತು. ನೊಣಗಳು ಆ ಶವಗಳನ್ನು ಬಿಟ್ಟು ಒಂದು ಮಧ್ಯಾಹ್ನ ಎದ್ದು ಹೋದವು. ಖಾಲಿ ಪೆಟ್ಟಿಗೆಗಳನ್ನು ಅವ್ವ ಮೂರು ವರ್ಷ ಕೋಳಿ ಮೊಟ್ಟೆಯಿಡಲು ಇಟ್ಟರು.

ಈಗ ಇರುವುದು ಆ ರೋಗವನ್ನು ತಾಳಿಕೊಂಡು ಉಳಿದ ಕುಟುಂಬಗಳ ಸಂತತಿ. ಹೊರಗಿನ ಪೆಟ್ಟಿಗೆಗಳು ಲಾರಿಯಲ್ಲಿ ಹತ್ತು ಊರು ಸುತ್ತಿ ಬಂದು ಹಬ್ಬದ ಮೈದಾನದಲ್ಲಿ ಬಾಯಿ ತೆರೆದರೆ ಜೊತೆಗೆ ಏನು ಬರುತ್ತದೆ ಎಂದು ಯಾರು ಹೊಣೆ ಹೊರುತ್ತಾರೆ? ಹಬ್ಬಕ್ಕೆ ಮೊದಲ ಷರತ್ತೇ ಇದಾಗಬೇಕು: ಹೊರ ಜಿಲ್ಲೆಯ ಜೀವಂತ ನೊಣ ಒಳಗೆ ಬರಕೂಡದು.

ಹಸಿರು ಚಪ್ಪರ, ಗೋಣಿಕೊಪ್ಪ
ನಲವತ್ತರಲ್ಲಿ ಎರಡು ಎಂಬ ಲೆಕ್ಕ ನನಗೆ ತಿಳಿದಿರಲಿಲ್ಲ. ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೂ ಐದು ಕಿಲೋ ಜೇನಿಗೆ ಇಷ್ಟು ಪಾಡೇ ಎಂಬ ಪ್ರಶ್ನೆ ಉಳಿಯಿತು.

ರೊಬಸ್ಟಾ, ಸಿದ್ದಾಪುರ
ಐದು ಕಿಲೋ ಜೇನಿಗಲ್ಲ, ಕಾಫಿಗೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ರೊಬಸ್ಟಾ ಹಾಗಲ್ಲ. ಅದಕ್ಕೆ ಬೇರೆ ಗಿಡದ ಪರಾಗವೇ ಬೇಕು, ತರಲು ಗಾಳಿ ಇಲ್ಲವೇ ನೊಣ ಬೇಕು. ಹೂವು ನಿಲ್ಲುವುದು ಎರಡು ಮೂರು ದಿನ. ಆ ಬೆಳಗಿನ ಹೊತ್ತು ನನ್ನ ತೋಟದಲ್ಲಿ ಹೆಜ್ಜೇನಿನ ಸದ್ದು ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿದಂತೆ ಕೇಳುತ್ತದೆ. ನಾವು ಸ್ಪ್ರಿಂಕ್ಲರ್ ಹಾಕಿ ಒಬ್ಬೊಬ್ಬರು ಒಂದೊಂದು ದಿನ ಹೂ ಬಿಡಿಸುವುದರಿಂದ ನೊಣಗಳಿಗೆ ಊಟ ಕೆಲವು ದಿನ ಹೆಚ್ಚು ಸಿಗುತ್ತದೆ ಎಂಬುದು ನನ್ನ ಅಂದಾಜು. ಆದರೆ ಅದಾದ ಮೇಲೆ? ನೇರಳೆ, ಮತ್ತಿ, ನಂದಿ ಕಡಿದು ಸಾಲಾಗಿ ಸಿಲ್ವರ್ ಓಕ್ ನೆಟ್ಟವರು ನಾವೇ. ನನ್ನ ಹದಿನೆಂಟು ಎಕರೆಯಲ್ಲಿ ಏಪ್ರಿಲ್ ದಾಟಿದ ಮೇಲೆ ಹೂ ಬಿಡುವ ಕಾಡುಮರ ಎಣಿಸಿದರೆ ಹದಿನಾಲ್ಕು. ಹಬ್ಬದಲ್ಲಿ ಜೇನು ಮಾರುವವರಿಂದ ಮಳಿಗೆ ಬಾಡಿಗೆ ಕೇಳಬೇಡಿ, ನಮ್ಮಂಥ ಬೆಳೆಗಾರರಿಂದ ಕೇಳಿ.

ಕಾಳುಮೆಣಸು
ಬೆಳೆಗಾರನೇ ಬಾಡಿಗೆ ಕೊಡುತ್ತೇನೆ ಎಂದದ್ದನ್ನು ಯಾರಾದರೂ ಬರೆದಿಟ್ಟುಕೊಳ್ಳಿ.

ಹಾಡಿಯ ಹಾದಿ, ನಾಗರಹೊಳೆ ಅಂಚು
ಇಷ್ಟು ಹೊತ್ತು ಪೆಟ್ಟಿಗೆಯ ಮಾತೇ ಆಯಿತು. ನಮ್ಮ ಕುಲದ ಹೆಸರಿನಲ್ಲೇ ಜೇನು ಇದೆ, ಆದರೆ ಹಬ್ಬ ಎಂದಾಗ ನಮಗೆ ಬರುವ ಕರೆ ವೇದಿಕೆಯ ಮೇಲೆ ಕುಣಿಯಲು ಮಾತ್ರ. ಮರಕ್ಕೆ ಬಿದಿರು ಕಟ್ಟಿ, ಕತ್ತಲಲ್ಲಿ ಏರಿ, ಹೊಗೆ ಹಿಡಿದು ಹೆಜ್ಜೇನು ಇಳಿಸುವುದು ನಮ್ಮ ಹಿರಿಯರಿಗೆ ಹಾಡಿನ ಸಮೇತ ಬಂದ ವಿದ್ಯೆ. ನಮ್ಮ ತಾತ ಎರಿಯ ಜೇನು ತುಂಬಿದ ತಲೆಭಾಗವನ್ನು ಮಾತ್ರ ಕೊಯ್ದು ಮರಿಯ ಭಾಗವನ್ನು ಕೊಂಬೆಗೇ ಬಿಡುತ್ತಿದ್ದರು. ಬಿಟ್ಟರೆ ಅದೇ ಗೂಡು ಆ ಋತುವಿನಲ್ಲೇ ಮತ್ತೊಮ್ಮೆ ಕೊಡುತ್ತದೆ ಎನ್ನುತ್ತಿದ್ದರು. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳಲ್ಲಿ ಜೇನು ಮತ್ತು ಮೇಣವನ್ನು ಹೆಸರು ಹಿಡಿದು ಹೇಳುತ್ತದೆ. ಹಕ್ಕು ಕಾಗದದ ಮೇಲಿದೆ. ಒಬ್ಬ ವ್ಯಾಪಾರಿ ನನ್ನ ಮಾವನಿಂದ ಡಬ್ಬಿ ಲೆಕ್ಕದಲ್ಲಿ ಕೊಂಡ ಕಾಡುಜೇನನ್ನು ನಾನೇ ಪೇಟೆಯಲ್ಲಿ ನಾಲ್ಕು ಪಟ್ಟು ಬೆಲೆಗೆ ನೋಡಿದ್ದೇನೆ.

ನಮಗೆ ಒಂದು ಮೇಜು ಕೊಡಿ, ತಕ್ಕಡಿ ಕೊಡಿ, ಬೆಲೆಯನ್ನು ನಾವೇ ಬರೆಯುತ್ತೇವೆ. ಕುಣಿಯುವುದೋ ಬೇಡವೋ ಎಂಬುದನ್ನು ವ್ಯಾಪಾರ ಮುಗಿದ ಮೇಲೆ ನೋಡೋಣ.

ಮಳೆಮಾಪಕ, ಶಾಂತಳ್ಳಿ
ಇದಕ್ಕೆ ನನ್ನ ಪೂರ್ಣ ಒಪ್ಪಿಗೆ. ಹೆಜ್ಜೇನು, ತುಡುವೆ, ಕೋಲುಜೇನು, ಮಿಸ್ರಿ, ನಾಲ್ಕಕ್ಕೂ ಬೇರೆ ಬೇರೆ ಮೇಜು ಇರಲಿ. ಪೇಟೆಯವರಿಗೆ ಇವು ನಾಲ್ಕು ಬೇರೆ ಜೀವಗಳೆಂಬುದೇ ತಿಳಿದಿಲ್ಲ.

ಪೇಟೆಮಗಳು, ಬೆಂಗಳೂರು
ನಿಜ, ನನಗೂ ತಿಳಿದಿರಲಿಲ್ಲ. ಮಿಸ್ರಿ ಎಂದರೆ ಯಾವುದು?

ಹಾಡಿಯ ಹಾದಿ, ನಾಗರಹೊಳೆ ಅಂಚು
ಗೋಡೆಯ ಬಿರುಕಿನಲ್ಲಿ, ಟೊಳ್ಳು ಮರದಲ್ಲಿ ಅಂಟಿನ ಕೊಳವೆಯನ್ನು ಬಾಗಿಲಾಗಿ ಕಟ್ಟಿಕೊಂಡಿರುವ ಸಣ್ಣ ಕಪ್ಪು ನೊಣ. ಚುಚ್ಚುವುದಿಲ್ಲ. ವರ್ಷಕ್ಕೆ ಕೊಡುವುದು ಒಂದು ಲೋಟದಷ್ಟು ಹುಳಿಸಿಹಿ ಜೇನು, ಮನೆಯ ಮಕ್ಕಳ ಕೆಮ್ಮಿಗೇ ಸಾಲುವುದಿಲ್ಲ.

ಕೊಡೆ ಮರೆತವನು, ಮಡಿಕೇರಿ
ಹಾಗಾದರೆ ಮಳೆಗಾಲದ ಕಕ್ಕಡ ತಿಂಗಳಲ್ಲೇ ಮಾಡೋಣ. ಹದಿನೆಂಟನೆಯ ದಿನ ಮದ್ದುಸೊಪ್ಪಿನ ರಸದಲ್ಲಿ ಪುಟ್ಟು ಬೇಯಿಸಿ, ಮೇಲೆ ಜೇನು ತುಪ್ಪ ಸುರಿದು ತಿನ್ನುವ ಸಂಪ್ರದಾಯ ಎಷ್ಟೋ ಮನೆಗಳಲ್ಲಿ ಇದೆ. ಜೇನನ್ನು ನಾವು ನಿಜವಾಗಿ ನೆನೆಯುವ ದಿನ ಅದೇ.

ಹಳೆ ಪೆಟ್ಟಿಗೆ, ಭಾಗಮಂಡಲ
ತಿನ್ನುವವರಿಗೆ ಅದು ಸರಿ. ಆದರೆ ಆಗಸ್ಟ್ ಆರಂಭದ ಆ ಮಳೆಯಲ್ಲಿ ನಾನು ಪೆಟ್ಟಿಗೆಗಳಿಗೆ ಸಂಜೆ ಹೊತ್ತು ತೆಂಗಿನ ಗರಟೆಯಲ್ಲಿ ಸಕ್ಕರೆ ಪಾಕ ಇಡುತ್ತ, ಮೇಣದ ಪತಂಗ ಹೊಕ್ಕಿದೆಯೇ ಎಂದು ಅಡಿಹಲಗೆ ಕೆರೆಯುತ್ತ ಇರುತ್ತೇನೆ. ನೊಣ ಉಪವಾಸವಿರುವಾಗ ಅದರ ಹೆಸರಿನಲ್ಲಿ ಹಬ್ಬ ಮಾಡಲು ನನಗೆ ಮನಸ್ಸಿಲ್ಲ. ಮೇ ತಿಂಗಳು ಮಾಡಿ. ಮೇ 20 ವಿಶ್ವ ಜೇನುನೊಣ ದಿನವೂ ಹೌದು. ಎರಿ ಕೊಯ್ದು, ಮೇಣದ ಮುಚ್ಚಳ ಸವರಿ, ಯಂತ್ರ ತಿರುಗಿಸಿ, ಬಂದ ಜೇನನ್ನು ಅಲ್ಲೇ ನೀರಿನಂಶ ಅಳೆಯುವ ರಿಫ್ರಾಕ್ಟೋಮೀಟರಿಗೆ ಹಾಕಿ, ಬಂದ ಅಂಕಿಯನ್ನು ಸೀಸೆಯ ಮೇಲೆ ಬರೆದು ಕೊಡೋಣ. 22 ಬಂದರೆ 22 ಎಂದೇ ಬರೆಯೋಣ, ಮಳೆಗಾಲದೊಳಗೆ ತಿಂದು ಮುಗಿಸಿ ಎಂದು ಹೇಳೋಣ.

ರೊಬಸ್ಟಾ, ಸಿದ್ದಾಪುರ
22 ಇರುವುದನ್ನು ಹಣಕ್ಕೆ ಕೊಟ್ಟರೆ ನಿಯಮ ಮೀರಿದಂತೆ. ಅದನ್ನು ರುಚಿಗೆ ಇಡಿ, ಮಾರಬೇಡಿ.

ಹಳೆ ಪೆಟ್ಟಿಗೆ, ಭಾಗಮಂಡಲ
ಒಪ್ಪಿದೆ. 20ರ ಒಳಗಿನದು ಮಾರಾಟಕ್ಕೆ, ಮಿಕ್ಕದ್ದು ಬಂದವರಿಗೆ ರೊಟ್ಟಿಯ ಜೊತೆ ರುಚಿಗೆ.

ಕಾಳುಮೆಣಸು
ಮೇ ತಿಂಗಳಲ್ಲಿ ಪ್ರತಿ ಭಾನುವಾರ ಮೂರು ಮದುವೆ. ಅದು ಸಾಲದೆಂದು ಹಾಕಿ ಹಬ್ಬ ಬೇರೆ. 1997ರಲ್ಲಿ ಕರಡದಲ್ಲಿ ಆರಂಭವಾದಾಗಿನಿಂದ ಬೇಸಿಗೆ ಅದರ ಪಾಲು. ಫೈನಲ್ ಬಿಟ್ಟು ಜೇನು ನೋಡಲು ಯಾರು ಬರುತ್ತಾರೆ ಎಂಬುದನ್ನು ನೋಡಬೇಕು.

ತೋಟದಮನೆ, ನಾಪೋಕ್ಲು
ಡಿಸೆಂಬರ್ ಬಿಟ್ಟೆ. ಮಡಿಕೇರಿಯನ್ನೂ ಬಿಟ್ಟೆ. ಹಾಕಿಯ ಫೈನಲ್ ಮುಗಿದ ನಂತರದ ಮೊದಲ ಬುಧವಾರ, ಮದುವೆಯಿಲ್ಲದ ದಿನ, ನಮ್ಮ ಮನೆಯ ಕಾಫಿ ಕಣದಲ್ಲಿ ಒಂದೇ ದಿನ ನಡೆಸೋಣ. ಆ ಹೊತ್ತಿಗೆ ಕಣ ಖಾಲಿ ಇರುತ್ತದೆ. ಮೂರು ದಿನದ ಮಾತು ಎತ್ತಿದ್ದಕ್ಕೆ ನಾಚಿಕೆಯಾಗುತ್ತಿದೆ. ಮೇಜುಗಳು ಹನ್ನೆರಡು ಸಾಕು, ಹಾಡಿಯವರದು ಗೇಟಿನ ಬಳಿಯ ಮೊದಲನೆಯದು, ತಕ್ಕಡಿ ನಾನು ಕೊಡುತ್ತೇನೆ. ಧ್ವನಿವರ್ಧಕ ಇರಲೇ?

ಹಳೆ ಪೆಟ್ಟಿಗೆ, ಭಾಗಮಂಡಲ
ಬೇಡ. ಪೆಟ್ಟಿಗೆಯನ್ನು ಹಿಂದಿನ ರಾತ್ರಿ ಬಾಗಿಲು ಮುಚ್ಚಿ ತಂದು, ಕಣದ ನೆರಳಿನ ಮೂಲೆಯಲ್ಲಿ ಇಟ್ಟು, ಮರುದಿನ ಕತ್ತಲಾದ ಮೇಲೆ ಒಯ್ಯುತ್ತೇನೆ. ಅದರ ಪಕ್ಕ ವಾಲಗವೂ ಬೇಡ, ಮೈಕೂ ಬೇಡ, ಘಮಘಮಿಸುವ ಸೆಂಟು ಹಾಕಿಕೊಂಡ ಅತಿಥಿಗಳೂ ಬೇಡ. ಮಕ್ಕಳಿಗೆ ರಾಣಿಯನ್ನು ತೋರಿಸಬೇಕೆಂದರೆ ಗಾಜಿನ ಗೋಡೆಯ ಪೆಟ್ಟಿಗೆ ಬೇಕು. ಅದು ನನ್ನಲ್ಲಿಲ್ಲ.

ಕೋನಾದ ಸೊಸೆ
ಅಳತೆ ಕಳಿಸಲೇ? ಅಲ್ಲಿ ಊರಿನ ಮರಗೆಲಸದವರು ಮಾಡಿಕೊಡುತ್ತಾರೆ.

ರಬ್ಬರ್ ತೋಟ, ಸಂಪಾಜೆ
ಅಲ್ಲಿಯ ಪೆಟ್ಟಿಗೆ ಮೆಲ್ಲಿಫೆರಾ ಅಳತೆಯದು, ತುಡುವೆಗೆಂದು ಮಾಡಿದ ನಮ್ಮ ಚಿಕ್ಕ ನ್ಯೂಟನ್ ಪೆಟ್ಟಿಗೆಯ ಚೌಕಟ್ಟು ಅದರಲ್ಲಿ ನಿಲ್ಲುವುದಿಲ್ಲ. ಗಾಜಿನದು ನನ್ನ ಬಳಿ ಒಂದಿದೆ. ಒಂದು ಬದಿಯ ಗಾಜು ಒಡೆದಿದೆ, ಮೇ ತಿಂಗಳೊಳಗೆ ಹಾಕಿಸುತ್ತೇನೆ.